ರಾಯಚೂರಿನಲ್ಲಿ ಒಂದು ನಡಿಗೆ: ಹಳೆಯ ಇಸವಿ ಮತ್ತು ಹಳೆಯ ಲೆಕ್ಕ ಓದುವುದು ಹೇಗೆ?

ಕಳೆದ ತಿಂಗಳು ಒಂದು ಭಾನುವಾರ ನಮ್ಮ ಇತಿಹಾಸ ಉಪನ್ಯಾಸಕಿ ಸುಮಾರು ನಲವತ್ತು ವಿದ್ಯಾರ್ಥಿಗಳನ್ನು ರಾಯಚೂರು ನಗರದ ಪರಂಪರೆ ನಡಿಗೆಗೆ ಕರೆದುಕೊಂಡು ಹೋದರು. ರೈಲು ನಿಲ್ದಾಣದಿಂದ ಹೊರಟು, ಬಜಾರ್ ದಾಟಿ, ಕೋಟೆಯವರೆಗೆ ನಡೆಯಬೇಕು. ಒಂದೊಂದು ಸ್ಥಳದಲ್ಲಿ ಒಬ್ಬೊಬ್ಬ ವಿದ್ಯಾರ್ಥಿ ನಿಂತು ಕನ್ನಡದಲ್ಲಿ ವಿವರಿಸಬೇಕು. ಇದು ಮೇಡಂ ಹಾಕಿದ ನಿಯಮ.

ನಾನು ದ್ವಿತೀಯ ಪಿಯುಸಿ ವಾಣಿಜ್ಯ ವಿಭಾಗದವಳು. ಇತಿಹಾಸ, ಅರ್ಥಶಾಸ್ತ್ರ, ವ್ಯವಹಾರ ಅಧ್ಯಯನ, ಲೆಕ್ಕಶಾಸ್ತ್ರ ನನ್ನ ವಿಷಯಗಳು. ದಿನಾ ಮಾನ್ವಿಯಿಂದ ಬಸ್ಸಿನಲ್ಲಿ ಬರುತ್ತೇನೆ. ಮನೆಯಲ್ಲಿ ನಾವು ಉರ್ದು ಮಾತಾಡುತ್ತೇವೆ. ಕನ್ನಡದಲ್ಲಿ ಪರೀಕ್ಷೆ ಬರೆಯುವುದು ಬೇರೆ, ನಲವತ್ತು ಜನರ ಮುಂದೆ ಬಾಯಿ ತೆರೆದು ಮಾತಾಡುವುದು ಬೇರೆ. ನನಗೆ ಬಂದದ್ದು ರೈಲು ನಿಲ್ದಾಣ. ಎರಡು ರಾತ್ರಿ ಅಮ್ಮಿಯ ಮುಂದೆ ಹೇಳಿ ಹೇಳಿ ಬಾಯಿಪಾಠ ಮಾಡಿದೆ. ಆ ದಿನ ನಾನು ಕಲಿತದ್ದನ್ನು ನಿಮಗೂ ಉಪಯೋಗವಾಗಲಿ ಎಂದು ಪಾಠದ ರೂಪದಲ್ಲಿ ಬರೆದಿದ್ದೇನೆ.

1. ರೈಲು ನಿಲ್ದಾಣ: ಎರಡು ಕಂಪನಿ, ಎರಡು ರೂಪಾಯಿ

ಬೊಂಬಾಯಿ ಕಡೆಯಿಂದ ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲ್ವೆ ಕಂಪನಿಯ ಹಳಿ, ಮದರಾಸು ಕಡೆಯಿಂದ ಮದ್ರಾಸ್ ರೈಲ್ವೆ ಕಂಪನಿಯ ಹಳಿ, ಇವೆರಡೂ ಬಂದು ಸೇರಿದ್ದು ನಮ್ಮ ರಾಯಚೂರಿನಲ್ಲಿ. ಇಸವಿ 1871. ಬೊಂಬಾಯಿಯಿಂದ ಮದರಾಸಿಗೆ ನೇರ ಹಳಿ ಆದದ್ದು ನಮ್ಮ ಊರಿನ ಗಂಟು ಬಿದ್ದ ಮೇಲೆ. ಅಲ್ಲಿಯವರೆಗೆ ದೋಆಬಿನ ಹತ್ತಿ ಬಂಡಿಗಳಲ್ಲಿ ಹೋಗುತ್ತಿತ್ತು. ಕೃಷ್ಣಾ ಮತ್ತು ತುಂಗಭದ್ರಾ ಎರಡು ನದಿಗಳ ನಡುವಿನ ಭೂಮಿಗೆ ದೋಆಬ್ ಎನ್ನುತ್ತಾರೆ. ಮಾನ್ವಿ, ದೇವದುರ್ಗ ಎರಡೂ ಇದರೊಳಗೇ ಬರುತ್ತವೆ.

ಆಗ ರಾಯಚೂರು ಹೈದರಾಬಾದ್ ನಿಜಾಮರ ಸಂಸ್ಥಾನದಲ್ಲಿತ್ತು. ಹಳಿ ಹಾಕಿದ್ದು ಮಾತ್ರ ಬ್ರಿಟಿಷ್ ಕಂಪನಿಗಳು. ಸಂಸ್ಥಾನಕ್ಕೆ ತನ್ನದೇ ನಾಣ್ಯವಿತ್ತು, ಅದಕ್ಕೆ ಹಾಲಿ ಸಿಕ್ಕಾ ಎಂದು ಹೆಸರು. ಬ್ರಿಟಿಷ್ ಭಾರತದ ರೂಪಾಯಿಗೆ ಬೆಲೆ ಹೆಚ್ಚು, ಹಾಲಿ ರೂಪಾಯಿಗೆ ಕಡಿಮೆ. ಸುಮಾರು 7 ಹಾಲಿ ರೂಪಾಯಿಗೆ 6 ಬ್ರಿಟಿಷ್ ರೂಪಾಯಿ. ವಾಣಿಜ್ಯದವರು ಲೆಕ್ಕ ಹಾಕಿ: 700 ಹಾಲಿ ರೂಪಾಯಿಯ ಹತ್ತಿಯನ್ನು ಹೊರಗೆ ಕಳಿಸುವ ವ್ಯಾಪಾರಿ ತನ್ನ ವಹಿಯಲ್ಲಿ ಅದನ್ನು 600 ಎಂದು ಬರೆಯಬೇಕು. ನಾವು ಪುಸ್ತಕದಲ್ಲಿ ಓದುವ ವಿದೇಶಿ ವಿನಿಮಯ ದರ, ನಮ್ಮೂರ ವ್ಯಾಪಾರಿಗಳಿಗೆ ದಿನದ ಮಾತಾಗಿತ್ತು.

ಇಷ್ಟು ಹೇಳಿ ಮುಗಿಸಿದಾಗ ನನ್ನ ಕೈ ನಡುಗುತ್ತಿತ್ತು. ಯಾರೂ ನಗಲಿಲ್ಲ. ಮೇಡಂ ಮಾತ್ರ ಒಂದು ಪ್ರಶ್ನೆ ಕೇಳಿದರು: "ಬ್ರಿಟಿಷರು ಇಲ್ಲಿಗೆ ಬಂದದ್ದು ರೈಲಿನ ಜೊತೆಗೋ, ಅದಕ್ಕೂ ಮೊದಲೋ?" ನನಗೆ ಗೊತ್ತಿರಲಿಲ್ಲ. ಉತ್ತರವನ್ನು ದಾರಿಯಲ್ಲಿ ಅವರೇ ಹೇಳಿದರು.

2. 1853: ಸಾಲಕ್ಕೆ ಒತ್ತೆ ಹೋದ ಜಿಲ್ಲೆ

ಉತ್ತರ ಕೇಳಿ ನನಗೆ ಲೆಕ್ಕಶಾಸ್ತ್ರದ ತರಗತಿಯಲ್ಲೇ ಕೂತ ಹಾಗಾಯಿತು. ನಿಜಾಮರ ಖರ್ಚಿನಲ್ಲಿ ಬ್ರಿಟಿಷ್ ಅಧಿಕಾರಿಗಳ ಕೈಕೆಳಗೆ ಒಂದು ಸೈನ್ಯವಿತ್ತು, ಹೈದರಾಬಾದ್ ಕಂಟಿಂಜೆಂಟ್. ಅದರ ಸಂಬಳ ಸರಿಯಾಗಿ ಸಲ್ಲದೆ ಬಾಕಿ ಬೆಳೆಯಿತು. ಈಸ್ಟ್ ಇಂಡಿಯಾ ಕಂಪನಿ ಅದನ್ನು ಸಾಲವೆಂದು ಹಿಡಿಯಿತು. ಡಾಲ್‌ಹೌಸಿ ಗವರ್ನರ್ ಜನರಲ್ ಆಗಿದ್ದ ಕಾಲ. 1853ರ ಮೇ ತಿಂಗಳ ಒಪ್ಪಂದದಲ್ಲಿ ನಿಜಾಮ ನಾಸಿರುದ್ದೌಲಾ ಅವರು ಬೇರಾರ್, ಧಾರಾಶಿವ ಮತ್ತು ರಾಯಚೂರು ದೋಆಬನ್ನು ಬ್ರಿಟಿಷರ ಆಡಳಿತಕ್ಕೆ ಒಪ್ಪಿಸಬೇಕಾಯಿತು. ಈ ಜಿಲ್ಲೆಗಳ ಕಂದಾಯದಿಂದ ಸೈನ್ಯದ ಖರ್ಚು ನಡೆಯಬೇಕು, ಕಂಪನಿ ವರ್ಷಕ್ಕೊಮ್ಮೆ ಲೆಕ್ಕ ಕೊಡಬೇಕು, ಉಳಿದ ಹಣ ನಿಜಾಮರಿಗೆ ಬರಬೇಕು. ಮಾತು ಹೀಗಿತ್ತು.

1860ರಲ್ಲಿ ಹೊಸ ಒಪ್ಪಂದವಾಯಿತು. 1857-58ರ ದಂಗೆಯ ಸಮಯದಲ್ಲಿ ನಿಜಾಮರು ಬ್ರಿಟಿಷರ ಕಡೆ ನಿಂತಿದ್ದರು. ಅದಕ್ಕಾಗಿ 50 ಲಕ್ಷ ರೂಪಾಯಿ ಸಾಲ ಮನ್ನಾ ಆಯಿತು. ಧಾರಾಶಿವ, ರಾಯಚೂರು ದೋಆಬ್ ವಾಪಸ್ ಬಂದವು. ದಂಗೆ ಎದ್ದು ಸೋತ ಸುರಪುರ ಸಂಸ್ಥಾನವೂ ನಿಜಾಮರಿಗೆ ಸೇರಿತು. ಬೇರಾರ್ ಮಾತ್ರ ಬ್ರಿಟಿಷರ ಬಳಿಯೇ ಉಳಿಯಿತು. ಅದೇ ಒಪ್ಪಂದದಲ್ಲಿ ಇನ್ನೊಂದು ಮಾತೂ ಇತ್ತು: ಒಪ್ಪಿಸಿದ ಜಿಲ್ಲೆಗಳ ಜಮಾ-ಖರ್ಚಿನ ಲೆಕ್ಕವನ್ನು ನಿಜಾಮರು ಇನ್ನು ಮುಂದೆ ಕೇಳಬಾರದು.

ನಮ್ಮ ಲೆಕ್ಕಶಾಸ್ತ್ರದ ಸರ್ ಯಾವಾಗಲೂ ಹೇಳುತ್ತಾರೆ, ವೋಚರ್ ಇಲ್ಲದ ಖರ್ಚು ಖರ್ಚಲ್ಲ ಅಂತ. ದೋಆಬಿನ ರೈತರು ಏಳು ವರ್ಷ ಕಟ್ಟಿದ ಕಂದಾಯದ ಲೆಕ್ಕ ಕೇಳುವ ಹಕ್ಕನ್ನೇ ಒಂದು ಸಾಲಿನಲ್ಲಿ ಹೊಡೆದು ಹಾಕಿದರು. ವಸಾಹತು ಆಡಳಿತ ಅಂದರೆ ಬಂದೂಕು, ಫಿರಂಗಿ ಎಂದಷ್ಟೇ ತಿಳಿದಿದ್ದೆ. ಅದು ಲೆಕ್ಕದ ಪುಸ್ತಕದಿಂದಲೂ ನಡೆಯುತ್ತಿತ್ತು ಎಂದು ಅವತ್ತು ತಿಳಿಯಿತು.

3. ಏಕ್ ಮಿನಾರ್ ಮಸೀದಿ: ನನ್ನ ತಪ್ಪು

ತೀನ್ ಕಂದೀಲ್ ಬಳಿ ಚಹಾ ಕುಡಿದು ಕೋಟೆಯ ಕಡೆ ಹೊರಟೆವು. ಏಕ್ ಮಿನಾರ್ ಕಿ ಮಸೀದಿಗೆ ಒಂದೇ ಮಿನಾರು, ಎತ್ತರ ಸುಮಾರು 65 ಅಡಿ. ಒಳಗೆ ಸುರುಳಿ ಮೆಟ್ಟಿಲು. ಅಲ್ಲಿ ವಿವರಿಸಬೇಕಿದ್ದ ಹುಡುಗ ಬಂದಿರಲಿಲ್ಲ. "ನಿನಗೆ ಆ ಲಿಪಿ ಬರುತ್ತದಲ್ಲ, ನೀನೇ ಹೇಳು" ಎಂದು ಎಲ್ಲರೂ ನನ್ನನ್ನು ಮುಂದೆ ದಬ್ಬಿದರು. ನನಗೂ ಸ್ವಲ್ಪ ಜಂಬ ಬಂತು. ಟಿಪ್ಪಣಿಯಲ್ಲಿ 919 ಎಂದಿತ್ತು. "ಈ ಮಸೀದಿ 919ರಲ್ಲಿ ಕಟ್ಟಿದ್ದು, ಬಹಮನಿ ಸುಲ್ತಾನ್ ಮಹಮೂದ್ ಷಾನ ಕಾಲದಲ್ಲಿ" ಎಂದು ಗಟ್ಟಿಯಾಗಿ ಹೇಳಿಬಿಟ್ಟೆ.

ಮೇಡಂ ಕೇಳಿದರು: "ಬಹಮನಿ ರಾಜ್ಯ ಶುರುವಾದದ್ದೇ 1347ರಲ್ಲಿ. 919ರಲ್ಲಿ ಅವರು ಎಲ್ಲಿದ್ದರಮ್ಮ?"

ಎಲ್ಲರೂ ನಕ್ಕರು. 919 ಎನ್ನುವುದು ಹಿಜರಿ ವರ್ಷ. ಕ್ರಿಸ್ತಶಕದಲ್ಲಿ 1513. ಲಿಪಿ ಬರುತ್ತದೆ ಎಂದ ಮಾತ್ರಕ್ಕೆ ಅರ್ಥ ಬರುತ್ತದೆ ಎಂದಲ್ಲ. ಮೇಡಂ ಅಲ್ಲೇ ನಿಲ್ಲಿಸಿ ಮೂರು ಲೆಕ್ಕ ಕಲಿಸಿದರು. ಬರೆದಿಟ್ಟುಕೊಳ್ಳಿ.

ಶಕ ವರ್ಷ: 78 ಕೂಡಿಸಿ. ಕೋಟೆಯ ಒಳಗೋಡೆಯಲ್ಲಿ ಸುಮಾರು 41 ಅಡಿ ಉದ್ದದ ಒಂದೇ ಕಲ್ಲಿದೆ. ಅದರ ಮೇಲೆ ತೆಲುಗು ಶಾಸನವಿದೆ. ಕಾಕತೀಯರ ಸೇನಾನಿ ಗೋರೆ ಗಂಗಯ್ಯ ರೆಡ್ಡಿಯ ಆಜ್ಞೆಯಂತೆ ಕೋಟೆ ಕಟ್ಟಿದ್ದು ಶಕ 1216ರಲ್ಲಿ. 78 ಕೂಡಿಸಿದರೆ 1294.

ಹಿಜರಿ ವರ್ಷ: 0.97ರಿಂದ ಗುಣಿಸಿ 622 ಕೂಡಿಸಿ. ಚಾಂದ್ರಮಾನ ವರ್ಷಕ್ಕೆ ಸುಮಾರು 354 ದಿನ. ಅದಕ್ಕೇ ಬರೀ ಕೂಡಿಸಿದರೆ ಸಾಲದು, ಗುಣಿಸಲೂ ಬೇಕು. 919 × 0.97 = 891. ಅದಕ್ಕೆ 622 ಕೂಡಿಸಿದರೆ 1513. ರಂಜಾನ್ ಪ್ರತಿ ವರ್ಷ ಹತ್ತು-ಹನ್ನೊಂದು ದಿನ ಹಿಂದೆ ಸರಿಯುವುದು ನಮಗೆಲ್ಲ ಗೊತ್ತು, ಕಾರಣ ಇದೇ.

ಫಸಲಿ ವರ್ಷ: 590 ಕೂಡಿಸಿ. ಫಸಲು ಎಂದರೆ ಬೆಳೆ. ಬೆಳೆಯ ಕಾಲಕ್ಕೆ ಹೊಂದುವ ಕಂದಾಯದ ವರ್ಷ ಇದು. ನಿಜಾಮರ ಕಚೇರಿಗಳು ಇದನ್ನೇ ಬಳಸುತ್ತಿದ್ದವು. ಫಸಲಿ 1350 ಎಂದರೆ 1940-41.

4. ಕೋಟೆಯ ಗೋಡೆ

ಒಳಗೋಡೆಯ ದೊಡ್ಡ ಕಲ್ಲುಗಳ ನಡುವೆ ಗಾರೆ ಇಲ್ಲ. ಕಡೆದು ಕೂಡಿಸಿದ್ದಾರೆ ಅಷ್ಟೇ. ಆ ಉದ್ದ ಕಲ್ಲಿನ ಹತ್ತಿರ ಗೋಡೆಯ ಮೇಲೆ ಒಂದು ಗೀರುಚಿತ್ರವಿದೆ: ಬಂಡಿಯ ಮೇಲೆ ಕಲ್ಲು, ಅದನ್ನು ಎಳೆಯುವ ಕೋಣಗಳ ಸಾಲು, ಹೊಡೆಯುವವರು, ಗಾಲಿಗೆ ಹಾರೆ ಕೊಟ್ಟು ದೂಡುವವರು. ಸೇನಾನಿಯ ಹೆಸರು ಶಾಸನದಲ್ಲಿದೆ, ದೂಡಿದವರು ಚಿತ್ರದಲ್ಲಿದ್ದಾರೆ. ಹೊರಗೋಡೆ ಆದಿಲ್‌ಶಾಹಿ ಕಾಲದ್ದು. 1520ರ ಮೇ 19ರಂದು ಕೃಷ್ಣದೇವರಾಯ ಇಸ್ಮಾಯಿಲ್ ಆದಿಲ್ ಷಾನ ಸೈನ್ಯವನ್ನು ಸೋಲಿಸಿ, ನಂತರ ಈ ಕೋಟೆ ಹಿಡಿದ. ಆಗ ಅವನ ಜೊತೆ ಪೋರ್ಚುಗೀಸ್ ಬಂದೂಕುಗಾರರೂ ಇದ್ದರು, ಅವರ ನಾಯಕ ಕ್ರಿಸ್ಟೊವಾವ್ ಡಿ ಫಿಗುಯೆರೆಡೊ. ಯುರೋಪಿನವರು ರಾಯಚೂರಿಗೆ ರೈಲಿಗಿಂತ 350 ವರ್ಷ ಮೊದಲೇ ಬಂದಿದ್ದರು!

ಒಬ್ಬ ಹುಡುಗ ಇಲ್ಲಿಂದ ಸುರಂಗ ಎಲ್ಲೆಲ್ಲಿಗೋ ಹೋಗುತ್ತದಂತೆ ಎಂದು ಕಥೆ ಶುರು ಮಾಡಿದ. ಮೇಡಂ ತಡೆದು, "ಕೇಳುವವರಿಗೆ ಖುಷಿಯಾಗಲಿ ಎಂದು ಹೇಳಬೇಡ. ಕಲ್ಲಿನ ಮೇಲೆ ಇರುವಷ್ಟು ಹೇಳು" ಎಂದರು. ಈ ಮಾತು ಅದೇ ವಾರ ನನಗೆ ಬೇಕಾಯಿತು.

5. ದೇವದುರ್ಗದ ಕಾಗದ

ನಡಿಗೆಗೆ ಬಂದಿದ್ದ ದೇವದುರ್ಗ ತಾಲ್ಲೂಕಿನ ಗೆಳತಿಯೊಬ್ಬಳು ಬುಧವಾರ ಒಂದು ಝೆರಾಕ್ಸ್ ತಂದಳು. "ನಮ್ಮ ಮುತ್ತಜ್ಜನ ಹೊಲದ ಕಾಗದ. ಮನ್ಯಾಗ ಯಾರಿಗೂ ಓದಾಕ ಬರಂಗಿಲ್ಲ. ಇದ್ರಾಗ ಏನೈತಿ ನೋಡಿ ಹೇಳು" ಎಂದಳು. ಅವಳ ಅಪ್ಪನಿಗೂ ದೊಡ್ಡಪ್ಪನ ಮಕ್ಕಳಿಗೂ ಆ ಹೊಲದ ಮೇಲೆ ಎರಡು ವರ್ಷದಿಂದ ಮಾತಿಲ್ಲ. ಪೂರಾ ಹೊಲ ತಮ್ಮದೇ ಎಂದು ಇವರ ನಂಬಿಕೆ. ಕಾಗದದಲ್ಲಿ ಹಾಗೇ ಇರುತ್ತದೆ ಎಂದು ಅವಳು ಕಾಯುತ್ತಿದ್ದಳು.

ಕಾಗದ ಉರ್ದುವಿನದು. ಶಿಕಸ್ತಾ ಎನ್ನುವ ಓಡುಬರಹ, ಪುಸ್ತಕದ ಅಕ್ಷರದಂತಲ್ಲ. ಮೌಜೆ, ಅಂದರೆ ಹಳ್ಳಿಯ ಹೆಸರು ಓದಿದೆ. ಪಟ್ಟೇದಾರರ ಹೆಸರು, ವಲದ್, ಅಂದರೆ ಇಂಥವರ ಮಗ, ಅದೂ ಸಿಕ್ಕಿತು. ಫಸಲಿ 1352. ಈ ಸಲ ತಪ್ಪಲಿಲ್ಲ, 590 ಕೂಡಿಸಿದೆ: 1942-43. ಆದರೆ ಹಣ ಬರೆದ ಜಾಗದಲ್ಲಿ ಅಂಕಿಯೇ ಇಲ್ಲ, ಬರೀ ಗೀರುಗಳು. ಅವಳನ್ನು ಕೇಳಿ ಫೋಟೋ ತೆಗೆದುಕೊಂಡು ಮಾನ್ವಿಗೆ ಒಯ್ದೆ.

ನಮ್ಮ ದಾದಾ ಅಡತಿ ಅಂಗಡಿಯಲ್ಲಿ ಮುನೀಮರಾಗಿದ್ದವರು. ಫೋಟೋ ನೋಡಿ, "ಯೆ ರಖಂ ಹೈ ಬೇಟಾ" ಎಂದರು. ರಖಂ ಅಂದರೆ ಸಂಖ್ಯೆಯ ಅರಬ್ಬಿ ಹೆಸರನ್ನೇ ಸಣ್ಣದು ಮಾಡಿ ಬರೆಯುವ ಹಳೆಯ ಪದ್ಧತಿ. ಅಂಕಿಯಾದರೆ ಸುಲಭವಾಗಿ ತಿದ್ದಬಹುದು, ರಖಂ ತಿದ್ದುವುದು ಕಷ್ಟ. ನಾವು ಚೆಕ್ಕಿನಲ್ಲಿ ಮೊತ್ತವನ್ನು ಅಕ್ಷರದಲ್ಲೂ ಬರೆಯುತ್ತೇವಲ್ಲ, ಹಾಗೆ. ಅದು ಆ ವರ್ಷದ ಕಂದಾಯ. ಆಮೇಲೆ ದಾದಾ ನಾನು ಬಿಟ್ಟಿದ್ದ ಒಂದು ಶಬ್ದದ ಮೇಲೆ ಬೆರಳಿಟ್ಟರು: ನಿಸ್ಫ್. ಅಂದರೆ ಅರ್ಧ. ಅದರ ಪಕ್ಕದಲ್ಲಿ ಇನ್ನೊಂದು ಹೆಸರು, ಅದೇ ತಂದೆಯ ಮಗ. ಹೊಲ ಅರ್ಧ ಮುತ್ತಜ್ಜನದು, ಅರ್ಧ ಅವರ ತಮ್ಮನದು.

ಆ ಶಬ್ದ ನನಗೂ ಕಂಡಿತ್ತು. ಸರಿಯಾಗಿ ಗೊತ್ತಾಗಲಿಲ್ಲ ಎಂದು ಬಿಟ್ಟಿದ್ದೆ. ಸುಳ್ಳು ಯಾಕೆ ಹೇಳಲಿ, ಅನುಮಾನ ಬಂದದ್ದಕ್ಕೇ ಬಿಟ್ಟಿದ್ದೆ. "ಇದನ್ನು ಹೇಳಲೇಬೇಕಾ ದಾದಾ?" ಎಂದು ಕೇಳಿದೆ. ಅವರು ಹೇಳಿದ್ದು: "ಪಡ್ನಾ ಹೈ ತೊ ಪೂರಾ ಪಡ್, ನೈ ತೊ ನಕ್ಕೊ ಪಡ್." ಓದುವುದಾದರೆ ಪೂರ್ತಿ ಓದು, ಇಲ್ಲದಿದ್ದರೆ ಓದಲೇ ಬೇಡ.

ಮರುದಿನ ಪೂರ್ತಿ ಹೇಳಿದೆ. ಅವಳು ಬಹಳ ಹೊತ್ತು ಮಾತಾಡಲಿಲ್ಲ. ಮಧ್ಯಾಹ್ನ ಬುತ್ತಿಯನ್ನೂ ಬೇರೆಯವರ ಜೊತೆ ಬಿಚ್ಚಿದಳು. ನನಗೆ ಅಳು ಬಂತು. ಎರಡು ದಿನ ಬಿಟ್ಟು ಬಂದು, "ಅಪ್ಪಗ ಹೇಳ್ದೆ. ಸಿಟ್ಟಾದ್ರು. ಆಮ್ಯಾಲ ಕಾಗದ ತಗಂಡು ದೊಡ್ಡಪ್ಪನ ಮನಿಗೆ ಹೋಗ್ಯಾರ" ಎಂದಳು. ಅಲ್ಲಿ ಏನಾಯಿತು ಎಂದು ನಾನು ಕೇಳಲಿಲ್ಲ. ನನ್ನ ಓದು ಕಾನೂನಿನ ದಾಖಲೆ ಅಲ್ಲ, ತಹಶೀಲ್ ಕಚೇರಿಯಿಂದ ದೃಢೀಕೃತ ನಕಲು ಪಡೆದು ತಿಳಿದವರಿಂದ ಅನುವಾದ ಮಾಡಿಸಿ ಎಂದು ಮಾತ್ರ ಹೇಳಿದೆ.

6. ನಮಗೆ ಇದರಿಂದ ಏನು?

ದೇಶಕ್ಕೆ 1947ರ ಆಗಸ್ಟ್ 15ರಂದು ಸ್ವಾತಂತ್ರ್ಯ ಬಂದರೂ ನಮ್ಮ ಭಾಗ ಭಾರತಕ್ಕೆ ಸೇರಿದ್ದು 1948ರ ಸೆಪ್ಟೆಂಬರ್ 17ರಂದು. 1956ರ ನವೆಂಬರ್ 1ರಂದು ರಾಯಚೂರು ಮೈಸೂರು ರಾಜ್ಯಕ್ಕೆ ಬಂತು. ಆವರೆಗೆ ನಮ್ಮ ಜಿಲ್ಲೆಯಲ್ಲಿದ್ದ ಗದ್ವಾಲ, ಆಲಂಪುರ ಆಂಧ್ರಕ್ಕೆ ಹೋದವು. ಕಚೇರಿಯ ಭಾಷೆ ಉರ್ದುವಿನಿಂದ ಕನ್ನಡಕ್ಕೆ ಬದಲಾಯಿತು. ಇದು ನ್ಯಾಯವೇ. ಮೊದಲು ಕನ್ನಡದ ರೈತನಿಗೆ ತನ್ನ ಹೊಲದ ಕಾಗದವೇ ಓದಲು ಬರುತ್ತಿರಲಿಲ್ಲ. ಆದರೆ ಹಳೆಯ ಕಾಗದಗಳು ಪೆಟ್ಟಿಗೆಯಲ್ಲಿ ಹಾಗೇ ಇವೆ, ಓದುವವರು ಕಡಿಮೆಯಾಗುತ್ತಿದ್ದಾರೆ. ಉರ್ದು ಬರುವ ನಾವು ಶಿಕಸ್ತಾ ಕಲಿಯಬೇಕು. ಓದಿದ್ದನ್ನು ಕನ್ನಡದಲ್ಲಿ ಹೇಳುವಷ್ಟು ಕನ್ನಡವನ್ನೂ ಕಲಿಯಬೇಕು. ಎರಡರಲ್ಲಿ ಒಂದೇ ಇದ್ದರೆ ನನ್ನ ಗೆಳತಿಗೆ ನಾನು ಉಪಯೋಗಕ್ಕೆ ಬರುತ್ತಿರಲಿಲ್ಲ.

ಅಭ್ಯಾಸ

1) ಫಸಲಿ 1340 ಯಾವ ಇಸವಿ? 2) ಹಿಜರಿ 1365 ಸುಮಾರು ಯಾವ ಇಸವಿ? 3) ಶಕ 1442 ಯಾವ ಇಸವಿ, ಆ ವರ್ಷ ರಾಯಚೂರಿನಲ್ಲಿ ಏನಾಯಿತು? 4) ಮನೆಯ ಹಿರಿಯರನ್ನು ಕೇಳಿ: ನಮ್ಮಲ್ಲಿ ಯಾರೂ ಓದಲಾಗದ ಕಾಗದ ಇದೆಯೇ?

ಉತ್ತರ: 1) 1930-31. 2) 1946. 3) 1520, ರಾಯಚೂರು ಕದನ. ನಾಲ್ಕನೆಯದಕ್ಕೆ ಉತ್ತರ ನಿಮ್ಮ ಮನೆಯ ಪೆಟ್ಟಿಗೆಯಲ್ಲಿದೆ. ಇದ್ದರೆ ನನ್ನ ತರಗತಿಗೆ ತನ್ನಿ. ಗೊತ್ತಾದಷ್ಟು ಓದುತ್ತೇನೆ, ಗೊತ್ತಾಗದ್ದನ್ನು ದಾದಾರನ್ನು ಕೇಳಿಕೊಂಡು ಬರುತ್ತೇನೆ. ಆದರೆ ಪೂರ್ತಿ ಓದುತ್ತೇನೆ.