ಅಂಗಳದಲ್ಲೇ ನಿಲ್ಲಬೇಡ

ಮಗಳೇ, ಹೋದ ಭಾನುವಾರ ಆರಾಧನೆ ಮುಗಿದು ಬೆಂಚುಗಳನ್ನು ಸರಿಸುತ್ತಿದ್ದಾಗ ನೀನು ಮೆಲ್ಲಗೆ ಕೇಳಿದೆ: "ತಾತ, ದೇವರು ನನ್ನನ್ನು ಪ್ರೀತಿಸ್ತಾನೆ ಅಂತ ಗೊತ್ತು. ಆದರೆ ನನ್ನನ್ನು ಕಂಡರೆ ಅವನಿಗೆ ಖುಷಿ ಆಗುತ್ತಾ?" ನಿನಗೆ ಗಾಡಿಗೆ ಹೊತ್ತಾಗಿತ್ತು, ತಲೆ ಸವರಿ ಕಳಿಸಿಬಿಟ್ಟೆ. ಬೆಂಗಳೂರಿನ ರೈಲು ಕಣ್ಮರೆಯಾದ ಮೇಲೂ ನಾನು ಪ್ಲಾಟ್‌ಫಾರ್ಮಿನಲ್ಲೇ ಕೂತಿದ್ದೆ. ನಿನ್ನ ವಯಸ್ಸಿನಲ್ಲಿ ಈ ಪ್ರಶ್ನೆ ಕೇಳುವ ಧೈರ್ಯ ನನಗಿರಲಿಲ್ಲ.

ನಾನು ರೈಲ್ವೆಯವರ ಮಗ. 1899ರಲ್ಲಿ ಶಿವಮೊಗ್ಗದ ಕಡೆಗೆ ಕವಲು ಒಡೆದ ಮೇಲೆ ಬೀರೂರು ಜಂಕ್ಷನ್ ಆಯಿತು. ಹಳಿಯ ಕೆಲಸ ಹಿಡಿದು ಎಷ್ಟೋ ಮನೆಗಳು ಇಲ್ಲಿ ಬದುಕಿದವು. ನಮ್ಮಪ್ಪ ಗ್ಯಾಂಗಿನಲ್ಲಿದ್ದರು. ತಳ್ಳುವ ಟ್ರಾಲಿಯ ಮೇಲೆ ಇನ್ಸ್‌ಪೆಕ್ಟರ್ ಬರುವ ದಿನ ಮನೆಯಲ್ಲಿ ಯಾರೂ ಜೋರಾಗಿ ಮಾತಾಡುತ್ತಿರಲಿಲ್ಲ. ಯಾವ ಬೋಲ್ಟ್ ಸಡಿಲವಿದೆ, ಎಲ್ಲಿ ಜಲ್ಲಿ ಕುಸಿದಿದೆ ಎಂದು ನೋಡುವುದು ಅವರ ಕರ್ತವ್ಯ. ಹಾಗೆ ನೋಡಿದ್ದರಿಂದಲೇ ಗಾಡಿಗಳು ಕ್ಷೇಮವಾಗಿ ಓಡಿದವು. ಆದರೆ ಹುಡುಗನಾಗಿದ್ದ ನಾನು ದೇವರನ್ನೂ ಆ ಟ್ರಾಲಿಯ ಮೇಲೆ ಕೂರಿಸಿಬಿಟ್ಟೆ. ಮುಂದೆ ಸಭೆಯಲ್ಲಿ ವರ್ಷಗಟ್ಟಲೆ ಹಾರ್ಮೋನಿಯಂ ಹಿಡಿದು ಕೂತೆ. ಒಂದು ಭಾನುವಾರವೂ ತಪ್ಪಿಸಲಿಲ್ಲ. ಕಂದಾಯ ಕಟ್ಟಿದ ಹಾಗೆ ಹಾಡು ಕಟ್ಟುತ್ತಿದ್ದೆ. ರಸೀತಿ ಸಿಕ್ಕರೆ ಸಾಕಿತ್ತು.

ಐವತ್ತು ದಾಟಿದ ಮೇಲೆ ಒಂದು ಮುಂಜಾನೆ ಚೆಫನ್ಯನ ಪುಸ್ತಕ ಓದುತ್ತಿದ್ದೆ. ಮೂರೇ ಅಧ್ಯಾಯ, ಯೋಷೀಯ ರಾಜನ ಕಾಲದ್ದು. ಹೆಚ್ಚಿನದೆಲ್ಲ ಗುಡುಗು, ನ್ಯಾಯತೀರ್ಪು. ಆದರೆ ಮೂರನೇ ಅಧ್ಯಾಯ ಮುಗಿಯುತ್ತಾ ಬಂದಾಗ ದೇವರು ತನ್ನ ಜನರ ನಡುವೆ ನಿಂತು, ಅವರನ್ನು ನೋಡಿ ಹಿಗ್ಗಿ, ಹಾಡುತ್ತಾನೆ. ಅವನು ಹಾಡುತ್ತಾನೆ, ಮಗಳೇ! ಅಷ್ಟು ವರ್ಷ ಹಾಡಿದ ನನಗೆ ಆ ಕಡೆಯಿಂದಲೂ ಹಾಡು ಬರುತ್ತಿದೆ ಎಂದು ತಿಳಿದೇ ಇರಲಿಲ್ಲ. ಕನ್ನಡಕ ತೆಗೆದಿಟ್ಟು ಅತ್ತೆ.

ಆಮೇಲೆ ಲೂಕನ ಹದಿನೈದನೇ ಅಧ್ಯಾಯ ನನಗೆ ಬೇರೆಯೇ ಆಗಿ ಕಂಡಿತು. ದಾರಿ ತಪ್ಪಿದ ಕಿರಿಮಗನ ಕಡೆಗೆ ತಂದೆ ಓಡುವುದು ಎಲ್ಲರಿಗೂ ನೆನಪಿರುತ್ತದೆ. ನೀನು ಹಿರಿಮಗನನ್ನು ನೋಡು. ಹೊಲದಲ್ಲಿ ದುಡಿದು ಬರುತ್ತಾನೆ, ಮನೆಯೊಳಗಿನ ವಾದ್ಯ, ಕುಣಿತ ಕೇಳಿಸುತ್ತದೆ, ಒಳಗೆ ಹೋಗುವುದಿಲ್ಲ. ಇಷ್ಟು ವರ್ಷ ನಿನ್ನ ಸೇವೆ ಮಾಡಿದೆ ಎಂದು ಲೆಕ್ಕ ಒಪ್ಪಿಸುತ್ತಾನೆ. ಆ ಮಾತು ನನ್ನದೇ ಆಗಿತ್ತು. ತಂದೆ ಅವನಿಗಾಗಿಯೂ ಎದ್ದು ಹೊರಗೆ ಬರುತ್ತಾನೆ, ಬೇಡಿಕೊಳ್ಳುತ್ತಾನೆ, ನನ್ನದೆಲ್ಲ ನಿನ್ನದೇ ಎನ್ನುತ್ತಾನೆ. ಮಗ ಒಳಗೆ ಹೋದನೋ ಇಲ್ಲವೋ, ಯೇಸು ಹೇಳಲಿಲ್ಲ.

ನಿನ್ನ ಅಂಕ, ಸಂದರ್ಶನ, ಸಂಬಳ, ಇವುಗಳಿಂದ ದೇವರ ಹರ್ಷ ಏರಿಳಿಯುತ್ತದೆ ಎಂದುಕೊಳ್ಳಬೇಡ. ಯೊರ್ದನಿನಲ್ಲಿ ಯೇಸು ನೀರಿನಿಂದ ಮೇಲೆ ಬಂದಾಗ, ಇವನು ನನ್ನ ಪ್ರಿಯನು, ಇವನನ್ನು ಮೆಚ್ಚಿದ್ದೇನೆ ಎಂಬರ್ಥದ ವಾಣಿ ಕೇಳಿಸಿತಲ್ಲ, ಮಾರ್ಕನ ಪುಸ್ತಕ ತೆಗೆದು ನೋಡು: ಅಷ್ಟು ಹೊತ್ತಿಗೆ ಅಲ್ಲಿ ಒಬ್ಬ ಕುಷ್ಠರೋಗಿಯೂ ಗುಣವಾಗಿಲ್ಲ, ಒಂದು ಉಪದೇಶವೂ ಆಗಿಲ್ಲ. ಮೆಚ್ಚುಗೆ ಮೊದಲು, ದುಡಿಮೆ ಆಮೇಲೆ. ಕ್ರಿಸ್ತನಲ್ಲಿರುವ ನಿನಗೂ ಇದೇ ಕ್ರಮ. ಹಾಗೆಂದು ಪಾಪ ಅವನಿಗೆ ನೋವಲ್ಲ ಎಂದು ನಾನು ಹೇಳುತ್ತಿಲ್ಲ. ಹಿಗ್ಗುವವನಿಗೇ ನೋವೂ ಹೆಚ್ಚು. ತಪ್ಪಿದಾಗ ಆ ಹರ್ಷ ನೆನೆದು ಬೇಗ ಹಿಂದಿರುಗು, ಹೆದರಿ ದೂರ ಓಡಬೇಡ.

ಈ ಸಂತೋಷ ಎಲ್ಲಿಯವರೆಗೆ ತಾಳುತ್ತದೆ ಎಂದು ನೀನು ಕೇಳಬಹುದು. ನಮ್ಮ ಸೀಮೆ ನಿನಗೆ ಗೊತ್ತಲ್ಲ. ಬಾಬಾಬುಡನ್‌ಗಿರಿಯ ಆಚೆ ಮಳೆ ಹೊಯ್ಯುತ್ತದೆ, ಈಚೆ ನಾವು ಮೋಡ ನೋಡುತ್ತಾ ನಿಲ್ಲುತ್ತೇವೆ. ಬರದ ವರ್ಷಗಳಲ್ಲಿ ಕಡೂರು ತಾಲ್ಲೂಕಿನ ತೆಂಗಿನ ಮರಗಳು ಸುಳಿ ಒಣಗಿ ಬೋಳು ಕಂಬಗಳಾದದ್ದನ್ನು ನೀನೇ ಕಂಡೆ. ಪ್ರವಾದಿ ಹಬಕ್ಕೂಕನು ಅಂಜೂರ ಚಿಗುರದಿದ್ದರೂ, ದ್ರಾಕ್ಷಿ ಬಿಡದಿದ್ದರೂ, ಹಟ್ಟಿಯಲ್ಲಿ ದನವೇ ಇಲ್ಲದಿದ್ದರೂ ಕರ್ತನಲ್ಲಿ ಉಲ್ಲಾಸಪಡುವೆ ಎನ್ನುತ್ತಾನೆ. ಅಂಜೂರ ಇರುವ ಕಡೆ ತೆಂಗು ಇಟ್ಟು ಓದು, ಈರುಳ್ಳಿ ಇಟ್ಟು ಓದು. ಆ ಬರದಲ್ಲಿ ನಿನ್ನ ಅಜ್ಜಿ ಮೂರನೇ ಬೋರ್‌ವೆಲ್ಲೂ ಬತ್ತಿದ ದಿನ ಸಂಜೆ ಪ್ರಾರ್ಥನೆಗೆ ಬಂದಿದ್ದಳು. ಅವಳ ಕಣ್ಣು ಒದ್ದೆಯಿತ್ತು, ದನಿ ಮಾತ್ರ ನಡುಗಲಿಲ್ಲ. ಅವಳಿಗೆ ನಷ್ಟ ಗೊತ್ತಿರಲಿಲ್ಲವೇ? ಗೊತ್ತಿತ್ತು. ತನ್ನನ್ನು ಕಂಡು ಹಿಗ್ಗುವವನು ಬತ್ತಿಲ್ಲ ಎಂಬುದೂ ಗೊತ್ತಿತ್ತು.

ಅಲ್ಲಿ ಹಾಸ್ಟೆಲಿನಲ್ಲಿ ಬೆಳಿಗ್ಗೆ ಎದ್ದ ಕೂಡಲೇ ಫೋನ್ ಮುಟ್ಟಬೇಡ. ಪ್ರಾರ್ಥನೆಗೂ ಅವಸರ ಮಾಡಬೇಡ. ಐದು ನಿಮಿಷ ಸುಮ್ಮನೆ ಕೂತುಕೋ, ಅವನು ನಿನ್ನನ್ನು ನೋಡಲಿ. ಮೊದಮೊದಲು ಕಷ್ಟವಾಗುತ್ತದೆ, ಮಾಡದ ಕೆಲಸಗಳ ಪಟ್ಟಿ ತಲೆಗೆ ಬರುತ್ತದೆ. ಬಂದರೆ ಬರಲಿ, ಏಳಬೇಡ. ನಾನೂ ಇಲ್ಲಿ ಅದೇ ಹೊತ್ತಿಗೆ ಕೂತಿರುತ್ತೇನೆ. ಕ್ರಿಸ್ಮಸ್‌ಗೆ ನೀನು ಬಂದಾಗ ಹಾರ್ಮೋನಿಯಂ ನಿನ್ನ ಕೈಗೆ ಕೊಡುತ್ತೇನೆ. ನನ್ನ ಬೆರಳುಗಳು ಸೋತಿವೆ, ಆದರೆ ಕಿವಿ ಈಗ ಚೆನ್ನಾಗಿದೆ.