ದುಡ್ಡು ಕೊಟ್ಟವರು ಯಾರೆಂದು ಕೇಳು

ಮಗೂ, ಲಂಡನ್ನಿನ ಅರಮನೆ, ಮ್ಯೂಸಿಯಂ, ವೆಸ್ಟ್‌ಮಿನ್‌ಸ್ಟರ್ ಅಬೆ ಎಲ್ಲವನ್ನೂ ನೋಡಿ ಮುಗಿಸಿದೆ ಅಂತ ನಿಮ್ಮಮ್ಮ ಹೇಳಿದಳು. ಸಂತೋಷ. ಇನ್ನೊಂದು ಶನಿವಾರ ಬಿಡುವು ಸಿಕ್ಕರೆ ಯಾವುದಾದರೊಂದು ಹಳ್ಳಿಯ ಬಸ್ಸು ಹತ್ತು. ಆ ಊರಿನ ಹಳೆಯ ಪ್ಯಾರಿಶ್ ಚರ್ಚನ್ನು ನಿಧಾನವಾಗಿ ನೋಡಿಕೊಂಡು ಬಾ. ಚರ್ಚ್ ಆಫ್ ಇಂಗ್ಲೆಂಡಿಗೆ ಸೇರಿದ ಚರ್ಚುಗಳು ಸುಮಾರು 16,000 ಇವೆ. ಅವುಗಳಲ್ಲಿ ಸಾವಿರಾರು ಮಧ್ಯಯುಗದವು. ಟಿಕೆಟ್ಟಿಲ್ಲ, ಸಾಲಿಲ್ಲ. ಎಷ್ಟೋ ಸಲ ಒಳಗೆ ನೀನೊಬ್ಬಳೇ ಇರುತ್ತೀಯ.

ಮೊದಲು ಅಲ್ಲಿನ ನಡವಳಿಕೆ ಹೇಳಿಬಿಡುತ್ತೇನೆ. ಬಾಗಿಲು ಮುಚ್ಚಿದೆ ಅಂತ ತಿರುಗಿ ಬರಬೇಡ. ಅದಕ್ಕೊಂದು ದಪ್ಪ ಕಬ್ಬಿಣದ ಉಂಗುರ ಇರುತ್ತದೆ. ಅದನ್ನು ತಿರುಗಿಸಿದರೆ ಒಳಗಿನ ಅಗುಳಿ ಟಕ್ಕೆಂದು ಏಳುತ್ತದೆ. ಕೆಲವು ಕಡೆ ಹೊರಗಿನ ಮೊಗಸಾಲೆಗೆ ತಂತಿ ಜಾಲರಿಯ ಬಾಗಿಲು ಹಾಕಿರುತ್ತಾರೆ. ಹಕ್ಕಿ ಒಳಗೆ ಸೇರಿಕೊಂಡರೆ ಹೊರಗೆ ಬರಲಾರದೆ ಸಾಯುತ್ತದೆ, ಆದ್ದರಿಂದ ನಿನ್ನ ಹಿಂದೆ ಅದನ್ನು ಹಾಕಿಕೊಂಡೇ ಹೋಗು. ಚಪ್ಪಲಿ ಬಿಡಬೇಕಾಗಿಲ್ಲ. ಗಂಡಸರಾದರೆ ಟೋಪಿ ತೆಗೆಯುವುದು ವಾಡಿಕೆ. ನೆಲದ ಚಪ್ಪಡಿಯ ಮೇಲೆ ಹೆಸರು, ಇಸವಿ ಕಂಡರೆ ಅದು ಸಮಾಧಿ. ತುಳಿಯಲು ನಮ್ಮ ಕಾಲು ಹಿಂಜರಿಯುತ್ತದೆ, ನಿಜ. ಆದರೆ ಅಲ್ಲಿ ನಡೆಯುವ ದಾರಿಯೇ ಅದು, ಅಳುಕಬೇಡ. ಗೋಪುರದ ಕೆಳಗೆ ಬಣ್ಣದ ಉಣ್ಣೆ ಸುತ್ತಿದ ಗಂಟೆಯ ಹಗ್ಗಗಳು ತೂಗುತ್ತಿದ್ದರೆ ಮಾತ್ರ ಯಾವ ಕಾರಣಕ್ಕೂ ಮುಟ್ಟಬೇಡ. ಆ ಗಂಟೆಗಳು ಪೂರ್ತಿ ಸುತ್ತು ತಿರುಗುವಂಥವು, ಮಣಗಟ್ಟಲೆ ಭಾರ. ಅರಿಯದೆ ಎಳೆದರೆ ಹಗ್ಗ ನಿನ್ನನ್ನೇ ಮೇಲಕ್ಕೆ ಎಳೆದುಕೊಂಡೀತು.

ಪೂಜೆಯ ಹೊತ್ತಿಗೆ ಹೋದರೆ ಹಿಂದಿನ ಬೆಂಚಿನಲ್ಲಿ ಕೂತುಕೋ. ಅವರು ಎದ್ದಾಗ ಏಳು, ಕೂತಾಗ ಕೂರು. ರೊಟ್ಟಿ, ದ್ರಾಕ್ಷಾರಸದ ಪ್ರಸಾದಕ್ಕೆ ಎಲ್ಲರೂ ಎದ್ದು ಹೋದಾಗ ನೀನು ಕೂತೇ ಇರಬಹುದು, ಯಾರೂ ತಪ್ಪು ತಿಳಿಯುವುದಿಲ್ಲ. ಹೋಗಲೇಬೇಕೆನ್ನಿಸಿದರೆ ಎರಡೂ ಕೈಯನ್ನು ಎದೆಯ ಮೇಲೆ ಕತ್ತರಿ ಹಾಕಿ ನಿಂತುಕೋ. ಪಾದ್ರಿ ಪ್ರಸಾದ ಕೊಡದೆ ಆಶೀರ್ವಾದ ಮಾಡುತ್ತಾರೆ.

ಈಗ ಮುಖ್ಯ ಮಾತಿಗೆ ಬರುತ್ತೇನೆ. ಕಮಾನು ಯಾವ ಶೈಲಿಯದು, ಕಿಟಕಿ ಯಾವ ಶತಮಾನದ್ದು ಅಂತ ಪುಸ್ತಕ ಹಿಡಿದು ತಲೆ ಕೆಡಿಸಿಕೊಳ್ಳಬೇಡ. ಅಲ್ಲಿ ಕಂಡ ಒಂದೊಂದು ವಸ್ತುವಿನ ಮುಂದೆಯೂ ನಿಂತು, ಇದಕ್ಕೆ ದುಡ್ಡು ಕೊಟ್ಟವರು ಯಾರು ಅಂತ ಕೇಳು. ಅಷ್ಟು ಕೇಳಿದರೆ ಊರಿನ ಕಥೆ ತಾನಾಗಿ ಬಿಚ್ಚಿಕೊಳ್ಳುತ್ತದೆ.

ಬಲಿಪೀಠವಿರುವ ಪೂರ್ವದ ಭಾಗಕ್ಕೆ ಚಾನ್ಸೆಲ್ ಅನ್ನುತ್ತಾರೆ, ಜನ ಕೂರುವ ದೊಡ್ಡ ಅಂಕಣಕ್ಕೆ ನೇವ್. ಎಷ್ಟೋ ಚರ್ಚುಗಳಲ್ಲಿ ಇವೆರಡಕ್ಕೂ ತಾಳಮೇಳವೇ ಇರುವುದಿಲ್ಲ. ಒಂದು ಗಿಡ್ಡ, ಒಂದು ಎತ್ತರ. ಹಳೆಯ ಕಟ್ಟಳೆಯಂತೆ ಚಾನ್ಸೆಲ್ಲಿನ ರಿಪೇರಿ ಊರಿನ ಬೆಳೆಯಲ್ಲಿ ಹತ್ತನೇ ಒಂದು ಪಾಲು ಪಡೆಯುತ್ತಿದ್ದವನದು, ನೇವ್ ಊರವರದು. ಯಾರ ಕೈಯಲ್ಲಿ ಕಾಸಿತ್ತೋ ಅವರ ಭಾಗ ಎತ್ತರವಾಯಿತು. ಸ್ಟ್ರಾಟ್‌ಫರ್ಡಿನ ಹೋಲಿ ಟ್ರಿನಿಟಿ ಚರ್ಚಿನಲ್ಲಿ ಷೇಕ್ಸ್‌ಪಿಯರನ ಸಮಾಧಿ ಇರುವುದು ಚಾನ್ಸೆಲ್ಲಿನೊಳಗೆ. ಜನ ಅದು ಕವಿಗೆ ಸಂದ ಗೌರವ ಅಂದುಕೊಂಡು ಫೋಟೋ ಹೊಡೆಯುತ್ತಾರೆ. ಆದರೆ ಅವನು 1605ರಲ್ಲಿ 440 ಪೌಂಡ್ ಕೊಟ್ಟು ಆ ಹತ್ತನೇ ಪಾಲಿನಲ್ಲಿ ಒಂದು ಭಾಗವನ್ನು ಗುತ್ತಿಗೆ ಹಿಡಿದಿದ್ದ. ಬಲಿಪೀಠದ ಬಳಿ ಜಾಗ ದೊರಕಿಸಿದ್ದು ಆ ಗುತ್ತಿಗೆ.

ಕಾಟ್ಸ್‌ವೋಲ್ಡ್ಸ್ ಕಡೆ ಹೋದರೆ ನಾರ್ತ್‌ಲೀಚಿನಲ್ಲಿ ಇಳಿ. ಸಣ್ಣ ಊರಿಗೆ ಇಷ್ಟು ದೊಡ್ಡ ಚರ್ಚು ಯಾಕೆ ಅನ್ನಿಸುತ್ತದೆ. ಉತ್ತರ ನೆಲದಲ್ಲಿದೆ. 1458ರಲ್ಲಿ ತೀರಿಕೊಂಡ ಜಾನ್ ಫೋರ್ಟಿ ಎಂಬ ಉಣ್ಣೆ ವ್ಯಾಪಾರಿಯ ಹಿತ್ತಾಳೆ ಫಲಕ ಅಲ್ಲಿದೆ. ನಿಲುವಂಗಿ ತೊಟ್ಟ ಆಸಾಮಿ ನೆಟ್ಟಗೆ ನಿಂತಿದ್ದಾನೆ. ಅವನ ಒಂದು ಕಾಲ ಕೆಳಗೆ ಕುರಿ, ಇನ್ನೊಂದರ ಕೆಳಗೆ ಉಣ್ಣೆಯ ಮೂಟೆ. ಆ ನೇವ್ ಎದ್ದದ್ದು ಅವನು ಬಿಟ್ಟುಹೋದ ಹಣದಿಂದ. ಹಣ ಎಲ್ಲಿಂದ ಬಂತೆಂದು ಅವನು ಮುಚ್ಚಿಡಲಿಲ್ಲ. ಬೇರೆ ಚರ್ಚುಗಳಲ್ಲಿ ಇಂಥ ಫಲಕಗಳಿಗೆ ಜಮಖಾನ ಹಾಸಿ ಕಾಪಾಡಿರುತ್ತಾರೆ. ಸರಿಸಿ ನೋಡಿ, ಮೊದಲಿದ್ದಂತೆಯೇ ಮುಚ್ಚು. ಕಾಗದವಿಟ್ಟು ಉಜ್ಜಿ ಅಚ್ಚು ತೆಗೆಯುವ ಆಸೆ ಇದ್ದರೆ ಮೊದಲು ಅಪ್ಪಣೆ ಕೇಳು.

ಒಡೆದಿದ್ದನ್ನೂ ಬಿಡದೆ ನೋಡು. ಖಾಲಿ ಗೂಡು, ಮುಖವಿಲ್ಲದ ಸಂತ, ಕಿಟಕಿಯಲ್ಲಿ ಬಣ್ಣದ ಗಾಜಿನ ಚೂರು ಕಂಡರೆ, ಕಾಲ ಸವೆಸಿತು ಅಂದುಕೊಳ್ಳಬೇಡ. ಅದು ಮನುಷ್ಯರ ಕೆಲಸ. ಹದಿನಾರನೇ ಶತಮಾನದ ಮತಸುಧಾರಣೆಯಲ್ಲಿ ಗೋಡೆಯ ಚಿತ್ರಗಳಿಗೆ ಸುಣ್ಣ ಬಳಿದರು, ವಿಗ್ರಹಗಳನ್ನು ಕಿತ್ತರು. ಉಳಿದದ್ದಕ್ಕೆ ಅಂತರ್ಯುದ್ಧದ ಕಾಲದಲ್ಲಿ ವಿಲಿಯಂ ಡೌಸಿಂಗ್ ಬಂದ. 1643–44ರಲ್ಲಿ ಕೇಂಬ್ರಿಜ್‌ಶೈರ್, ಸಫೋಕ್ ಸೀಮೆಗಳಲ್ಲಿ 250ಕ್ಕೂ ಹೆಚ್ಚು ಚರ್ಚು ಸುತ್ತಿ ಒಡೆಸಿದ, ದಿನಚರಿ ಬೇರೆ ಬರೆದಿಟ್ಟ. ಅದಕ್ಕೆ ಊರೂರಿನಿಂದ ಅವನು ವಸೂಲು ಮಾಡುತ್ತಿದ್ದ ಶುಲ್ಕ 6 ಶಿಲಿಂಗ್ 8 ಪೆನ್ಸ್. ಅಂದರೆ ಅಜ್ಜಂದಿರು ದುಡ್ಡು ಹಾಕಿ ಮಾಡಿಸಿದ್ದನ್ನು ಒಡೆಸಲು ಮೊಮ್ಮಕ್ಕಳು ಮತ್ತೆ ದುಡ್ಡು ಕಟ್ಟಬೇಕಾಯಿತು. ಹಾಗೇ ತಲೆ ಎತ್ತಿ ಮಾಡನ್ನೂ ನೋಡು. ಸಫೋಕಿನ ಬ್ಲೈತ್‌ಬರ್ಗ್ ಚರ್ಚಿನ ಮರದ ತೊಲೆಗಳಲ್ಲಿ ರೆಕ್ಕೆ ಬಿಚ್ಚಿದ ದೇವದೂತರು ಈಗಲೂ ಇದ್ದಾರೆ.

ಇನ್ನೊಂದು ಜಾಗ ನಮಗೆ ಸಂಬಂಧಪಟ್ಟದ್ದು. ಕೆಂಟ್ ಸೀಮೆಯ ಥ್ರೌಲಿ ಎಂಬ ಹಳ್ಳಿಯ ಚರ್ಚಿನಲ್ಲಿ ಜಾರ್ಜ್ ಹ್ಯಾರಿಸ್ ಎಂಬವನ ಸ್ಮಾರಕವಿದೆ. 1799ರಲ್ಲಿ ಶ್ರೀರಂಗಪಟ್ಟಣಕ್ಕೆ ಮುತ್ತಿಗೆ ಹಾಕಿದ ಸೈನ್ಯದ ದಂಡನಾಯಕ ಅವನೇ. ಗೆದ್ದ ಮೇಲೆ ಕೈಸೇರಿದ ಕೊಳ್ಳೆಯ ಪಾಲಿನ ಹಣದಿಂದ 1801ರಲ್ಲಿ ಅಲ್ಲಿಯ ಬೆಲ್ಮಾಂಟ್ ಬಂಗಲೆ ಕೊಂಡ. 1815ರಲ್ಲಿ ಶ್ರೀರಂಗಪಟ್ಟಣ, ಮೈಸೂರುಗಳ ಹೆಸರನ್ನೇ ಬಿರುದಿನೊಳಗೆ ಸೇರಿಸಿಕೊಂಡು ಲಾರ್ಡ್ ಆದ. 1829ರಲ್ಲಿ ಸತ್ತು ಅದೇ ಚರ್ಚಿನಲ್ಲಿ ಮಣ್ಣಾದ. ನಮ್ಮ ಊರಿನ ಹೆಸರು ಅಷ್ಟು ದೂರದಲ್ಲಿ ಎದುರಾದರೆ ಮೈ ಬಿಸಿಯಾಗುವುದು ಸಹಜ. ಆದರೂ ಅಲ್ಲಿ ಯಾರೊಂದಿಗೂ ಜಗಳಕ್ಕೆ ನಿಲ್ಲಬೇಡ, ಸುಮ್ಮನೆ ತಲೆಯಾಡಿಸಿಯೂ ಬರಬೇಡ. ಗೆದ್ದವನ ಹೆಸರಿನ ಕಲ್ಲು ಸೋತ ಊರಿನ ಸುದ್ದಿ ಹೇಳುವುದಿಲ್ಲ. ದುಡ್ಡು ಕೊಟ್ಟವರು ಯಾರು ಎಂಬ ಪ್ರಶ್ನೆಗೆ ಅಲ್ಲಿ ಅರ್ಧ ಉತ್ತರ ಕೋಟೆಯೊಳಗಿದ್ದ ನಮ್ಮ ಜನ. ಅದು ಗೊತ್ತಿರುವವರು ಓದಿದಾಗಲೇ ಆ ಕಲ್ಲು ಪೂರ್ತಿ ಓದಿದಂತೆ. ಜೊತೆಗೆ ಇಂಗ್ಲಿಷ್ ಗೆಳತಿಯರಿದ್ದರೆ ಅವರಿಗೂ ಹೇಳು. ಎಷ್ಟೋ ಜನಕ್ಕೆ ತಿಳಿದೇ ಇರುವುದಿಲ್ಲ.

ಇವತ್ತಿನ ದುಡ್ಡು ಯಾರದು ಅಂತಲೂ ಕೇಳಬೇಕಲ್ಲ. ಸರ್ಕಾರ ನೋಡಿಕೊಳ್ಳುತ್ತದೆ ಅಂತ ನಮ್ಮವರು ಭಾವಿಸುತ್ತಾರೆ. ಹಾಗಿಲ್ಲ, ರಿಪೇರಿಯ ಹೊಣೆ ಬಹುಮಟ್ಟಿಗೆ ಊರವರದೇ, ಭಾನುವಾರ ಬರುವ ಬೆರಳೆಣಿಕೆಯ ವಯಸ್ಸಾದವರದು. ಮಂಡಿಯೂರುವ ದಿಂಬಿಗೆ ಕಸೂತಿ ಹಾಕುವವರು, ಸರದಿಯ ಮೇಲೆ ಹೂ ಜೋಡಿಸುವವರು, ಕೇಕ್ ಮಾರಿ ಕಾಸು ಕೂಡಿಸುವವರು ಅವರೇ. ಅದರ ಮೇಲೆ ಮಾಡಿನ ಸೀಸದ ತಗಡು ಕದಿಯುವವರ ಕಾಟ ಬೇರೆ. ಬಾಗಿಲ ಬಳಿ ಡಬ್ಬಿ ಇರುತ್ತದೆ, ಈಗೀಗ ಕಾರ್ಡ್ ತಾಗಿಸುವ ಯಂತ್ರವೂ ಬಂದಿದೆ. ಒಂದು ಕಾಫಿಯ ದುಡ್ಡಾದರೂ ಹಾಕದೆ ಬರಬೇಡ. ಸಂದರ್ಶಕರ ಪುಸ್ತಕದಲ್ಲಿ ಹೆಸರು, ಊರು ಬರೆ. ನೆರವಿಗೆ ಅರ್ಜಿ ಹಾಕುವಾಗ ಬಂದುಹೋದವರ ಲೆಕ್ಕ ಅವರಿಗೆ ಬೇಕಾಗುತ್ತದೆ.

ಭಾನುವಾರವಾದರೆ ಪೂಜೆ ಮುಗಿದ ಮೇಲೆ ಚಹಾ ಕೊಡುತ್ತಾರೆ. ಸಂಕೋಚಪಟ್ಟು ಜಾರಿಕೊಳ್ಳಬೇಡ, ಕಪ್ಪು ತೆಗೆದುಕೊಂಡು ಚರ್ಚಿನ ಉಸ್ತುವಾರಿ ನೋಡುವ ಚರ್ಚ್‌ವಾರ್ಡನ್ ಪಕ್ಕ ನಿಲ್ಲು. ಇತಿಹಾಸ ಕೇಳಬೇಡ, ಮಾಡು ಎಲ್ಲಿ ಸೋರುತ್ತಿದೆ ಅಂತ ಕೇಳು. ಇಂಗ್ಲಿಷಿನವರು ಮಿತಭಾಷಿಗಳು ಎಂಬ ನಿನ್ನ ನಂಬಿಕೆ ಆಮೇಲೆ ಉಳಿಯುವುದಿಲ್ಲ. ವಾಪಸ್ ಬರುವ ಬಸ್ಸಿನ ಹೊತ್ತು ಮಾತ್ರ ಮೊದಲೇ ನೋಡಿಟ್ಟುಕೋ.