ಪಾದರಸ ಕಂಡರೆ ಬೆಳಗುವ ಬಣ್ಣ

ಅಟ್ಟ ಗುಡಿಸುವಾಗ ತುಕ್ಕು ಹಿಡಿದ ಡಬ್ಬಿಯೊಂದು ಸಿಕ್ಕಿತು. ಶುಂಠಿ ಬೀಜ ಅದ್ದಲು ಹಿಂದೆ ತಂದಿದ್ದ ಪಾದರಸದ ಪುಡಿ. ನೀರಿನಲ್ಲಿ ಕದಡಿ ಬರಿಗೈಯಲ್ಲೇ ಅದ್ದುತ್ತಿದ್ದೆವು. ಉಳಿದ ನೀರನ್ನು ಬಾವಿ ಪಕ್ಕದ ಬಾಳೆ ಬುಡಕ್ಕೆ ಚೆಲ್ಲಿದ್ದೂ ಉಂಟು. ಆ ಮೀಥಾಕ್ಸಿ ಈಥೈಲ್ ಮರ್ಕ್ಯುರಿ ಕ್ಲೋರೈಡನ್ನು ನಮ್ಮ ದೇಶದಲ್ಲಿ 2018ರಲ್ಲಿ ನಿಷೇಧಿಸಿದರು.

ಈಗ ನನ್ನ ಚಿಂತೆ ಬಾವಿ ನೀರಿನದ್ದು. ಕರಗಿದ ಪಾದರಸ ಕಣ್ಣಿಗೆ ಕಾಣದು, ಮೂಗಿಗೆ ಬಾರದು. ಇರಾಕಿನ ರೈತರು ಮೋಸಹೋದದ್ದೂ ಹೀಗೇ. 1971ರಲ್ಲಿ ಅಲ್ಲಿಗೆ ಬಂದ ಬಿತ್ತನೆ ಗೋಧಿಗೆ ಮೀಥೈಲ್ ಪಾದರಸ ಲೇಪಿಸಿ, ಗುರುತಿಗೆಂದು ಕೆಂಪು ಬಣ್ಣ ಹಾಕಿದ್ದರು. ಬಿತ್ತುವ ಹೊತ್ತು ಮೀರಿತ್ತು. ಹಲವರು ತೊಳೆದರು. ಬಣ್ಣ ಹೋಯಿತು, ವಿಷವೂ ಹೋಯಿತು ಅಂತ ರೊಟ್ಟಿ ಸುಟ್ಟು ತಿಂದರು. 6,530 ಮಂದಿ ಆಸ್ಪತ್ರೆ ಸೇರಿದರು, ಅವರಲ್ಲಿ 459 ಮಂದಿ ಸತ್ತರು.

ವಿಷವಿದ್ದಲ್ಲಿ ಮಾತ್ರ ಬಣ್ಣ ಬರುವಂತಿದ್ದರೆ? ವಿಜ್ಞಾನಿಗಳು ಅಂಥದ್ದನ್ನೂ ಮಾಡಿದ್ದಾರೆ. ಪಾದರಸಕ್ಕೆ ಗಂಧಕ ಎಂದರೆ ಬಲು ಆಸೆ. ನಮ್ಮ ಮೈಯ ಪ್ರೋಟೀನುಗಳಲ್ಲಿರುವ ಗಂಧಕಕ್ಕೆ ಅಂಟಿಕೊಂಡೇ ಅದು ಕೇಡು ಮಾಡುವುದು. ಆ ಚಾಳಿಯನ್ನೇ ಹಿಡಿದು ಬಲೆ ಹೆಣೆದರು. ರೋಡಮೈನ್ ಎಂಬ ಹೊಳೆಯುವ ಬಣ್ಣದ ಅಣುವಿಗೆ ಗಂಧಕವಿರುವ ತುಂಡು ಜೋಡಿಸಿ, ಉಂಗುರದ ಹಾಗೆ ಮುಚ್ಚಿಬಿಡುತ್ತಾರೆ. ಮುಚ್ಚಿರುವಾಗ ಬಣ್ಣವೂ ಇಲ್ಲ, ಹೊಳಪೂ ಇಲ್ಲ. ಪಾದರಸ ಬಂದು ಗಂಧಕ ಕಿತ್ತುಕೊಂಡಿತೋ, ಉಂಗುರ ಬಿಚ್ಚಿತು! ನೀರು ಗುಲಾಬಿಯಾಗುತ್ತದೆ, ಹಸಿರು ಬೆಳಕು ಬಿಟ್ಟರೆ ಕಿತ್ತಳೆ ಬಣ್ಣದಲ್ಲಿ ಬೆಳಗುತ್ತದೆ. ದಕ್ಷಿಣ ಕೊರಿಯಾದವರು 2005ರಲ್ಲಿ ಇದನ್ನು ಪ್ರಕಟಿಸಿದರು. ಮರುವರ್ಷ ಜೀವಂತ ಜೀಬ್ರಾ ಮೀನಿನೊಳಗೆ ಪಾದರಸ ಎಲ್ಲೆಲ್ಲಿ ಕೂತಿದೆ ಅಂತ ಸೂಕ್ಷ್ಮದರ್ಶಕದಲ್ಲಿ ನೋಡಿದರು. ಆಮ್ಲದಲ್ಲಿ ಕರಗಿಸಿ ಅಳೆದರೆ ಎಷ್ಟಿದೆ ಎಂದು ತಿಳಿದೀತು, ಎಲ್ಲಿದೆ ಎಂದು ತಿಳಿಯದಲ್ಲ.

ಹಾಗಂತ ಎರಡು ಹನಿ ತಂದು ಬಾವಿಗೆ ಬಿಟ್ಟು ನೋಡೋಣ ಅಂದುಕೊಳ್ಳಬೇಡಿ. ಪಾದರಸದ ಎಲ್ಲ ರೂಪಕ್ಕೂ ಈ ಬಣ್ಣ ಒಂದೇ ಸಮ ಬೆಳಗದು. ಮಣ್ಣಿನ ಕಣಕ್ಕೆ, ಕೊಳೆತ ಸೊಪ್ಪಿನ ಸಾರಕ್ಕೆ ಬಿಗಿಯಾಗಿ ಅಂಟಿದ್ದು ಇದರ ಕೈಗೆ ಸಿಗುವುದು ಕಷ್ಟ. ಬೆಳಗಲಿಲ್ಲ ಅಂದಮಾತ್ರಕ್ಕೆ ನೀರು ಶುದ್ಧ ಎನ್ನುವಂತಿಲ್ಲ. ನಮ್ಮ ಕುಡಿಯುವ ನೀರಿನ ಮಾನಕದ ಮಿತಿ ಲೀಟರಿಗೆ 0.001 ಮಿಲಿಗ್ರಾಂ. ಅಷ್ಟು ಸಣ್ಣ ಲೆಕ್ಕಕ್ಕೆ ಪ್ರಯೋಗಾಲಯಕ್ಕೇ ಹೋಗಬೇಕು. ಬಾಟಲಿಯನ್ನೂ ಅವರಿಂದಲೇ ತನ್ನಿ. ಸಾದಾ ಪ್ಲಾಸ್ಟಿಕ್ ಬಾಟಲಿಯಲ್ಲಿಟ್ಟ ನೀರಿನ ಪಾದರಸ ದಿನ ಕಳೆದಂತೆ ಕಡಿಮೆಯಾಗುತ್ತದೆ, ಲೆಕ್ಕ ತಪ್ಪುತ್ತದೆ.

ನಾನು ನೀರು ಕೊಟ್ಟು ಬಂದಿದ್ದೇನೆ. ಡಬ್ಬಿಯನ್ನು ಹೂಳಲಿಲ್ಲ, ಸುಡಲಿಲ್ಲ. ದಪ್ಪ ಚೀಲದಲ್ಲಿ ಕಟ್ಟಿ ಬೀಗದೊಳಗಿಟ್ಟಿದ್ದೇನೆ. ವಿಲೇವಾರಿ ಹೇಗೆಂದು ಕೃಷಿ ಇಲಾಖೆಯಲ್ಲಿ ವಿಚಾರಿಸುತ್ತಿದ್ದೇನೆ.